ಹೊಸ ರೇಡಿಯೇಟರ್ ಕೂರಿಸುವ ಮುನ್ನ, ಕೂರಿಸುವಾಗ, ಕೂರಿಸಿದ ಮೇಲೆ: ಕಾರಿನ ಕೂಲಿಂಗ್ ವ್ಯವಸ್ಥೆಗೊಂದು ಸಮಗ್ರ ಮಾರ್ಗದರ್ಶಿ

ಉಷ್ಣತೆಯ ಮುಳ್ಳು ಕೆಂಪು ಗೆರೆಯತ್ತ ಏರಿದ ಕೂಡಲೇ ಬಹುತೇಕರ ಅನುಮಾನ ಬೀಳುವುದು ರೇಡಿಯೇಟರ್ ಮೇಲೆ. ಅದು ಬಾನೆಟ್ ಎತ್ತಿದೊಡನೆ ಎದುರಿಗೇ ಕಾಣುವ ಭಾಗ, ಬದಲಾಯಿಸಿದರೆ ದೊಡ್ಡ ಕೆಲಸವೊಂದು ಮುಗಿದಂತೆ ತೋರುವ ಭಾಗ. ಆದರೆ ಹೊಸ ರೇಡಿಯೇಟರ್ ಹಾಕಿದ ಮಾರನೆಯ ವಾರವೇ ಅದೇ ಕಾರು ಮತ್ತೆ ಕುದಿಯುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅಂಥ ಕಡೆ ಒಂದೋ ದೋಷ ಬೇರೆಲ್ಲೋ ಇರುತ್ತದೆ, ಇಲ್ಲವೇ ರೇಡಿಯೇಟರ್ ಒಳ್ಳೆಯದಾಗಿದ್ದರೂ ಕೂರಿಸುವಾಗ ಗಾಳಿಯ ದಾರಿಯನ್ನೋ ನೀರಿನ ದಾರಿಯನ್ನೋ ಕೆಡಿಸಿರುತ್ತಾರೆ. ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಪರೀಕ್ಷೆ ನಡೆಯಬೇಕು.

ವ್ಯವಸ್ಥೆ ಕೆಲಸ ಮಾಡುವ ಬಗೆ

ಇಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಕೂಲಂಟ್, ಅಂದರೆ ಇಂಜಿನ್ನನ್ನು ತಂಪುಮಾಡುವ ದ್ರವದ ಮೂಲಕವೇ ಹೊರಹೋಗಬೇಕಾಗುತ್ತದೆ. ವಾಟರ್ ಪಂಪ್ ಕೂಲಂಟನ್ನು ಇಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ಡಿನ ಒಳದಾರಿಗಳಲ್ಲಿ ತಳ್ಳುತ್ತದೆ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಲಾರಂಭಿಸಿ ಆ ಬಿಸಿ ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿನ ತೆಳುವಾದ ಕೊಳವೆಗಳ (ಇವುಗಳ ಜಾಲವೇ ಕೋರ್) ನಡುವೆ ಹಾದುಹೋಗುವ ಗಾಳಿ ಶಾಖವನ್ನು ಕೊಂಡೊಯ್ಯುತ್ತದೆ. ಈಚಿನ ಕೆಲವು ಇಂಜಿನ್‌ಗಳಲ್ಲಿ ವಿದ್ಯುತ್ತಿನಿಂದ ನಿಯಂತ್ರಿತವಾದ ಥರ್ಮೋಸ್ಟಾಟ್ ಇರುವುದರಿಂದ ಅವು ಬೇಕೆಂದೇ 100 ಡಿಗ್ರಿಯ ಆಸುಪಾಸಿನಲ್ಲಿ ಓಡುತ್ತವೆ. ಸ್ಕ್ಯಾನರಿನಲ್ಲಿ ಅಂಥ ಅಂಕಿ ಕಂಡು ಗಾಬರಿಯಾಗುವ ಮುನ್ನ ಆ ಕಾರಿನ ಸರ್ವಿಸ್ ಕೈಪಿಡಿಯನ್ನು ನೋಡುವುದು ಲೇಸು.

ಜನ ಮರೆಯುವ ಭಾಗವೆಂದರೆ ಕೂಲಂಟ್ ತುಂಬುವ ಬಾಯಿಯ ಮುಚ್ಚಳ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿದ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಅದೇ ದ್ರವವನ್ನು ಸುಮಾರು 1 ಬಾರ್ ಒತ್ತಡದಲ್ಲಿ ಹಿಡಿದಿಟ್ಟರೆ 125 ಡಿಗ್ರಿಯ ಸುತ್ತಮುತ್ತ ತಲುಪುವವರೆಗೂ ಕುದಿಯುವುದಿಲ್ಲ. ಈ ಒತ್ತಡವನ್ನು ಹಿಡಿದಿಡುವುದು ಮುಚ್ಚಳದೊಳಗಿನ ಒಂದು ಸ್ಪ್ರಿಂಗ್ ಮತ್ತು ರಬ್ಬರ್ ವಾಷರ್. ಅವು ಸೋತರೆ, ಬೇರೆಲ್ಲ ಭಾಗಗಳೂ ಸರಿಯಿದ್ದರೂ, ಏರು ದಾರಿಯಲ್ಲಿ ಕೂಲಂಟ್ ಕುದಿದು, ಹೆಚ್ಚಾದ ಕೂಲಂಟ್ ಸೇರುವ ಬಾಟಲಿಯಿಂದ ಉಕ್ಕುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗ ಇದೇ ಆದ್ದರಿಂದ, ಹಳೆಯದೆಂಬ ಅನುಮಾನ ಬಂದರೆ ಅದರ ಮೇಲೆ ಮುದ್ರಿಸಿದ ಅಂಕಿಯದ್ದೇ ಹೊಸ ಮುಚ್ಚಳ ತಂದುಬಿಡಬೇಕು. ಹೆಚ್ಚು ಒತ್ತಡದ ಮುಚ್ಚಳ ಹಾಕಿದರೆ ಇನ್ನೂ ಒಳ್ಳೆಯದೆಂಬ ಎಣಿಕೆ ತಪ್ಪು. ಕೂಲಂಟ್ ಹರಿಯುವ ಹಳೆಯ ರಬ್ಬರ್ ಹೋಸುಗಳೂ, ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರಾದ ಹೀಟರ್ ಕೋರೂ ಆ ಒತ್ತಡಕ್ಕೆ ಬಾಯಿ ಬಿಡಬಹುದು.

ದೋಷವನ್ನು ಗುರುತಿಸುವುದು

ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಕಾರು ಯಾವಾಗ ಬಿಸಿಯಾಗುತ್ತದೆ? ನಿಂತಾಗ ಅಥವಾ ದಟ್ಟಣೆಯಲ್ಲಿ ತೆವಳುವಾಗ ಮುಳ್ಳು ಏರಿ, ವೇಗ ಹಿಡಿದೊಡನೆ ಇಳಿದರೆ, ನೀರಿನ ದಾರಿ ಬಹುಮಟ್ಟಿಗೆ ಸರಿಯಿದೆ, ಗಾಳಿ ಸಾಲುತ್ತಿಲ್ಲ ಎಂದರ್ಥ. ಆಗ ಫ್ಯಾನ್, ಅದರ ಫ್ಯೂಸ್, ರಿಲೇ, ಉಷ್ಣತೆಯ ಸೆನ್ಸರ್, ಫ್ಯಾನಿನ ಸುತ್ತಲಿನ ಶ್ರೌಡ್ (ಗಾಳಿಯನ್ನು ಕೋರಿನ ಮೂಲಕವೇ ಎಳೆಯಲು ನೆರವಾಗುವ ಕವಚ) ಇವುಗಳನ್ನು ನೋಡಬೇಕು. ವಿದ್ಯುತ್ ಫ್ಯಾನ್ ಇರುವ ಹೆಚ್ಚಿನ ಕಾರುಗಳಲ್ಲಿ ಏಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ಏಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಮೋಟಾರ್ ಸರಿಯಿದೆ, ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ಎರಡು ವೇಗಗಳ ಫ್ಯಾನಿನಲ್ಲಿ ಕಡಿಮೆ ವೇಗದ ರೆಸಿಸ್ಟರ್ ಸುಟ್ಟುಹೋಗಿ, ಹೆಚ್ಚಿನ ವೇಗ ಮಾತ್ರ ಉಳಿದಿರುವುದು ಸಾಮಾನ್ಯವಾದ ತೊಂದರೆ. ಅಂಥ ಕಾರಿನಲ್ಲಿ ಫ್ಯಾನ್ ತಡವಾಗಿ, ಒಮ್ಮೆಗೇ ಜೋರಾಗಿ ಸದ್ದು ಮಾಡುತ್ತ ಶುರುವಾಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಹೆದ್ದಾರಿಯ ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಬಿಸಿಯಾದರೆ ಫ್ಯಾನಿನ ಪಾತ್ರ ಕಡಿಮೆ, ಏಕೆಂದರೆ ಆ ವೇಗದಲ್ಲಿ ಗಾಳಿ ತಾನಾಗಿಯೇ ನುಗ್ಗುತ್ತದೆ. ಆಗ ಒಳಗೆ ಕಟ್ಟಿಕೊಂಡ ರೇಡಿಯೇಟರ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ರೆಕ್ಕೆ ಸವೆದ ಪಂಪ್, ಅಥವಾ ಪಂಪಿನ ಎಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್ ಕಾರಣವಿರಬಹುದು. ರೇಡಿಯೇಟರ್ ಮತ್ತು ಅದರ ಮುಂದಿರುವ ಏಸಿಯ ಕಂಡೆನ್ಸರ್ ನಡುವಿನ ಸಂದಿಯಲ್ಲಿ ತುಂಬಿಕೊಂಡ ಎಲೆ, ಧೂಳು, ಹುಳುಗಳನ್ನೂ ನೋಡಬೇಕು. ಹೊರಗಿನಿಂದ ಶುಚಿಯಾಗಿ ಕಾಣುವ ಮುಂಭಾಗದ ಹಿಂದೆ ಕಂಬಳಿಯಂತೆ ಕಸ ಕೂತಿರುವುದುಂಟು.

ಇಂಜಿನ್ ಬಿಸಿಯಾದ ಮೇಲೆ ಮೇಲಿನ ಮತ್ತು ಕೆಳಗಿನ ಹೋಸುಗಳ ಬಿಸಿಯನ್ನು ಹೋಲಿಸುವುದು ಹಳೆಯ ಉಪಾಯ, ಈಗಲೂ ಕೆಲಸಕ್ಕೆ ಬರುತ್ತದೆ. ಮೇಲಿನದು ಮುಟ್ಟಲಾಗದಷ್ಟು ಬಿಸಿಯಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಅಥವಾ ರೇಡಿಯೇಟರ್ ಕಟ್ಟಿದೆ. ಕೈಯ ಬದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ಒಂದು ಮಾತು ನೆನಪಿಡಬೇಕು: ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ಅಂಕಿ ತೋರಿಸುತ್ತದೆ. ಕಪ್ಪು ಹೋಸಿನ ಮೇಲೋ ಅಂಟಿಸಿದ ಕಪ್ಪು ಟೇಪಿನ ಮೇಲೋ ಗುರಿಯಿಟ್ಟು ಅಳೆಯಬೇಕು. ಕೋರಿನ ಒಂದೇ ಮಟ್ಟದಲ್ಲಿ ಅಲ್ಲಲ್ಲಿ ತಣ್ಣನೆಯ ಪಟ್ಟಿಗಳು ಸಿಕ್ಕಿದರೆ ಆ ಕೊಳವೆಗಳು ಮುಚ್ಚಿಹೋಗಿವೆ.

ಥರ್ಮೋಸ್ಟಾಟನ್ನು ಬಿಚ್ಚಿ, ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ತೂಗುಬಿಟ್ಟು, ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿದರೆ ಅದು ತೆರೆಯುವ ಉಷ್ಣತೆ ಕಣ್ಣಿಗೇ ಕಾಣುತ್ತದೆ. ಅದನ್ನು ತೆಗೆದುಹಾಕಿ ಓಡಿಸಿದರೆ ಕಾರು ತಂಪಾಗಿರುತ್ತದೆ ಎಂಬ ಸಲಹೆಯನ್ನು ಕೇಳಲೇಬಾರದು. ಅನೇಕ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ಕೂಲಂಟ್ ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಕಾರು ಮೊದಲಿಗಿಂತ ಬೇಗ ಕುದಿಯುತ್ತದೆ.

ಕೂಲಂಟ್ ಕಡಿಮೆಯಾಗುತ್ತಲೇ ಇದ್ದು ನೆಲದ ಮೇಲೆ ಹನಿಯೂ ಕಾಣದಿದ್ದರೆ ಪ್ರೆಶರ್ ಟೆಸ್ಟರ್ ಬೇಕು. ತಣ್ಣಗಿರುವ ಇಂಜಿನ್ನಿಗೆ ಅದನ್ನು ಜೋಡಿಸಿ, ಮುಚ್ಚಳದ ಮೇಲಿನ ಅಂಕಿಯನ್ನು ಮೀರದಂತೆ ಒತ್ತಡ ಕೊಟ್ಟು, ಕಾಲು ಗಂಟೆ ಕಾದು ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ಇಳಿದರೆ ಪಂಪಿನ ಕೆಳಗಿನ ಸಣ್ಣ ಸೋರುರಂಧ್ರ, ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಕೋರ್ ಸೇರುವ ಅಂಚು, ಹೋಸುಗಳ ತುದಿ, ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗಿನ ಮ್ಯಾಟ್ ಇಷ್ಟನ್ನೂ ಟಾರ್ಚ್ ಹಿಡಿದು ಪರೀಕ್ಷಿಸಬೇಕು. ಮ್ಯಾಟ್ ಒದ್ದೆಯಾಗಿದ್ದು, ಕಾರಿನೊಳಗೆ ಸಿಹಿ ವಾಸನೆ ಬಂದು, ಗಾಜಿನ ಮೇಲೆ ಜಿಡ್ಡಿನ ಮಂಜು ಕೂರುತ್ತಿದ್ದರೆ ಸೋರುತ್ತಿರುವುದು ಹೀಟರ್ ಕೋರ್.

ಎಲ್ಲಕ್ಕಿಂತ ಗಂಭೀರವಾದದ್ದು ಹೆಡ್ ಗ್ಯಾಸ್ಕೆಟ್, ಅಂದರೆ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲಿನ ದೋಷ. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಅದು ಶಾಖದಿಂದ ಬಂದ ಒತ್ತಡವಾಗಿರಲಾರದು. ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದೆ. ಬಾಟಲಿಯಲ್ಲಿ ನಿಲ್ಲದ ಗುಳ್ಳೆಗಳು, ಬಿಸಿಯಾದ ಮೇಲೂ ಎಕ್ಸಾಸ್ಟಿನಿಂದ ಬರುವ ಸಿಹಿವಾಸನೆಯ ಬಿಳಿ ಹೊಗೆ, ಹಾಲು ಬೆರೆತಂತಾದ ಇಂಜಿನ್ ಆಯಿಲ್ ಇವೂ ಅದರ ಲಕ್ಷಣಗಳು. ಇವೆಲ್ಲ ಒಟ್ಟಿಗೇ ಕಾಣಬೇಕೆಂದಿಲ್ಲ. ರೇಡಿಯೇಟರ್ ಬಾಯಿಯ ಮೇಲಿನ ಗಾಳಿಯನ್ನು ನೀಲಿ ರಾಸಾಯನಿಕದ ಮೂಲಕ ಎಳೆದು, ಅದು ಹಳದಿಗೆ ತಿರುಗುವುದೇ ಎಂದು ನೋಡುವ ಪರೀಕ್ಷೆ ಸುಲಭವೂ ನಂಬಲರ್ಹವೂ ಆಗಿದೆ. ಅದು ಹಳದಿಯಾದರೆ ಹೊಸ ರೇಡಿಯೇಟರಿನ ಮಾತನ್ನು ಅಲ್ಲಿಗೇ ಬಿಟ್ಟು, ಹೆಡ್ ಬಿಚ್ಚುವ ಕೆಲಸಕ್ಕೆ ಸಿದ್ಧರಾಗಬೇಕು.

ಆಫ್ಟರ್‌ಮಾರ್ಕೆಟ್ ರೇಡಿಯೇಟರಿನ ಆಯ್ಕೆ

ಪರೀಕ್ಷೆಗಳೆಲ್ಲ ರೇಡಿಯೇಟರನ್ನೇ ತೋರಿಸಿದರೆ ಆಯ್ಕೆಯ ಪ್ರಶ್ನೆ ಏಳುತ್ತದೆ. ಕಾರು ತಯಾರಕರಲ್ಲದವರು ಮಾಡಿದ ರೇಡಿಯೇಟರುಗಳಲ್ಲಿ ಮೂಲಭಾಗಕ್ಕೆ ಸರಿಸಮನಾದವೂ ಇವೆ, ಆಕಾರವನ್ನಷ್ಟೇ ಹೋಲುವವೂ ಇವೆ. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕನ್ನು ಮಡಚಿ ಬಿಗಿದ ಮಾದರಿ ಹಗುರ ಮತ್ತು ದಿನಬಳಕೆಗೆ ಸಾಕು. ವರ್ಷಗಳ ಶಾಖಕ್ಕೆ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುವುದು ಅದರ ದೌರ್ಬಲ್ಯ. ಪೂರ್ತಿ ಅಲ್ಯೂಮಿನಿಯಂ ಮಾದರಿಯಲ್ಲಿ ಆ ಚಿಂತೆಯಿಲ್ಲ, ಆದರೆ ವೆಲ್ಡಿಂಗ್ ಕಳಪೆಯಾಗಿದ್ದರೆ ಅಲುಗಾಟಕ್ಕೆ ಅದೇ ಮೊದಲು ಸೀಳುತ್ತದೆ. ತಾಮ್ರ-ಹಿತ್ತಾಳೆಯದು ಭಾರವಾದರೂ ಬೆಸುಗೆ ಹಾಕಿ ರಿಪೇರಿ ಮಾಡಬಹುದಾದದ್ದು. ಹಳೆಯ ಕಾರುಗಳಿಗೆ ಅದು ಈಗಲೂ ಹೊಂದುತ್ತದೆ.

ದಪ್ಪ ಕೋರ್ ಕೊಂಡರೆ ಸಮಸ್ಯೆ ಮುಗಿಯಿತೆಂಬ ನಂಬಿಕೆಯ ಬಗ್ಗೆ ಎಚ್ಚರ ಬೇಕು. ಕೋರ್ ದಪ್ಪವಾದಷ್ಟೂ, ಕೊಳವೆಗಳ ನಡುವಿನ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳು ಒತ್ತಾದಷ್ಟೂ ಗಾಳಿಗೆ ತಡೆ ಹೆಚ್ಚುತ್ತದೆ. ಮುಂದಿನ ಸಾಲಿನ ಕೊಳವೆಗಳನ್ನು ದಾಟಿ ಆಗಲೇ ಬಿಸಿಯಾದ ಗಾಳಿ ಹಿಂದಿನ ಸಾಲಿನಿಂದ ಹೆಚ್ಚೇನೂ ಶಾಖ ಎತ್ತಲಾರದು. ಫ್ಯಾನ್ ದುರ್ಬಲವಾಗಿರುವ ಕಾರಿನಲ್ಲಿ ದಪ್ಪ ಕೋರ್ ಹಾಕಿ, ನಿಧಾನಗತಿಯಲ್ಲಿ ಮೊದಲಿಗಿಂತ ಹೆಚ್ಚು ಬಿಸಿಯಾದ ಉದಾಹರಣೆಗಳಿವೆ. ಇದಲ್ಲದೆ ಕೋರ್ ಮೂಲದ್ದಕ್ಕಿಂತ 15 ಮಿಲಿಮೀಟರ್ ಹೆಚ್ಚು ದಪ್ಪವಾದರೆ ಫ್ಯಾನ್ ಅಷ್ಟೇ ದೂರ ಇಂಜಿನ್ನಿನತ್ತ ಸರಿಯುತ್ತದೆ. ಇಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗುವುದರಿಂದ ನಡುವೆ ಕನಿಷ್ಠ 20 ಮಿಲಿಮೀಟರ್ ಜಾಗ ಉಳಿಯಬೇಕೆಂಬುದು ನನ್ನ ಲೆಕ್ಕ.

ಕೊಳ್ಳುವಾಗ ಕೋರಿನ ಉದ್ದ, ಅಗಲ, ದಪ್ಪದ ಜೊತೆಗೆ ಹೋಸ್ ಕೂರುವ ಮೂತಿಗಳ ಹೊರವ್ಯಾಸ ಮತ್ತು ಕೋನ, ಕೆಳಗಿನ ಗೂಟಗಳ ಅಂತರ, ಫ್ಯಾನ್ ಬೋಲ್ಟ್‌ಗಳ ಜಾಗ, ಸೆನ್ಸರ್ ಕೂರುವ ಮರೆ (ಥ್ರೆಡ್), ಮುಚ್ಚಳದ ಕತ್ತಿನ ಆಳ ಇವೆಲ್ಲವನ್ನೂ ಅಳತೆಪಟ್ಟಿಯಿಂದ ಹೋಲಿಸಬೇಕು. ಕತ್ತಿನ ಆಳ ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಮುಚ್ಚಳ ಪೂರ್ತಿ ಒತ್ತುವುದಿಲ್ಲ, ಒತ್ತಡ ನಿಲ್ಲುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಅನೇಕ ಕಾರುಗಳಲ್ಲಿ ಗೇರ್ ಆಯಿಲನ್ನು ತಂಪುಮಾಡುವ ಕೊಳವೆ ರೇಡಿಯೇಟರ್ ಟ್ಯಾಂಕಿನೊಳಗೇ ಇರುತ್ತದೆ. ಹೊಸದರಲ್ಲಿಯೂ ಅದು ಇರಬೇಕು, ಅದರ ಮರೆಯೂ ಹೊಂದಬೇಕು.

ಬಿಚ್ಚುವುದು ಮತ್ತು ಕೂರಿಸುವುದು

ಮೊದಲಿಗೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಎಷ್ಟೋ ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಲ್ಲುದರಿಂದ ಇದು ಬೆರಳುಗಳ ಸುರಕ್ಷತೆಯ ಪ್ರಶ್ನೆ. ಬಿಸಿ ಇಂಜಿನ್ನಿನ ಮುಚ್ಚಳವನ್ನು, ಬಟ್ಟೆ ಸುತ್ತಿಯೂ, ತೆರೆಯಬಾರದು. ಒತ್ತಡ ಇಳಿದ ಕ್ಷಣದಲ್ಲೇ ಒಳಗಿನ ದ್ರವ ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಕಾರಿನ ಕೆಳಗೆ ನುಸುಳಬೇಕಾದರೆ ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಬೇಕು.

ಎರಡನೆಯದಾಗಿ, ಕೂಲಂಟನ್ನು ಅಗಲವಾದ ತಟ್ಟೆಗೆ ಇಳಿಸಿ, ಎಷ್ಟು ಲೀಟರ್ ಬಂತೆಂದು ಅಳೆದು ಬರೆದಿಡಬೇಕು. ಈ ಅಂಕಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಪರಿಣಾಮದಲ್ಲಿ ಪ್ರಾಣಾಂತಿಕ ವಿಷ. ನಾಯಿ, ಬೆಕ್ಕು, ಮಕ್ಕಳ ಕೈಗೆಟಕುವಂತೆ ಇಡಬಾರದು, ಚರಂಡಿಗೂ ಸುರಿಯಬಾರದು. ರೇಡಿಯೇಟರಿನಿಂದ ಇಳಿಯುವುದು ಒಟ್ಟು ಕೂಲಂಟಿನ ಒಂದು ಭಾಗ ಮಾತ್ರ. ಉಳಿದದ್ದು ಬ್ಲಾಕ್ ಮತ್ತು ಹೀಟರಿನಲ್ಲಿ ನಿಂತಿರುತ್ತದೆ. ಇಳಿದದ್ದು ತುಕ್ಕಿನ ಬಣ್ಣಕ್ಕಿದ್ದರೆ ಹಳೆಯ ರೇಡಿಯೇಟರ್ ಇರುವಾಗಲೇ ನೀರಿನಿಂದ ಹಲವು ಬಾರಿ ತೊಳೆದು, ಆ ಕೆಸರು ಹೊಸದಕ್ಕೆ ಸೇರದಂತೆ ನೋಡಿಕೊಳ್ಳಬೇಕು.

ಹೋಸುಗಳನ್ನು ಬಿಚ್ಚುವ ಮೊದಲು ಎಲ್ಲ ಜೋಡಣೆಗಳ ಫೋಟೊ ತೆಗೆದುಕೊಳ್ಳಿ. ಅಂಟಿಕೊಂಡ ಹೋಸನ್ನು ಬಲವಂತವಾಗಿ ಎಳೆದರೆ ಮತ್ತೊಂದು ತುದಿಯ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಹಳೆಯ ಹೋಸನ್ನು ಸೀಳಿ ತೆಗೆದು ಹೊಸದು ಹಾಕುವುದೇ ಅಗ್ಗ. ಗೇರ್ ಆಯಿಲ್ ಪೈಪುಗಳಿದ್ದರೆ ಎರಡು ಸ್ಪ್ಯಾನರ್ ಬಳಸಿ, ಒಂದರಿಂದ ರೇಡಿಯೇಟರ್ ಕಡೆಯ ನಟ್ ಹಿಡಿದು, ಇನ್ನೊಂದರಿಂದ ಬಿಚ್ಚಿ, ತುದಿಗಳಿಗೆ ಬಿರಡೆ ಹಾಕಬೇಕು. ಏಸಿಯ ಕಂಡೆನ್ಸರ್ ರೇಡಿಯೇಟರಿಗೇ ಬೋಲ್ಟ್ ಆಗಿದ್ದರೆ ಆ ಬೋಲ್ಟ್‌ಗಳನ್ನಷ್ಟೇ ಕಳಚಿ, ಕಂಡೆನ್ಸರನ್ನು ಮುಂದಿನ ಅಡ್ಡಪಟ್ಟಿಗೆ ಹಗ್ಗದಿಂದ ಕಟ್ಟಿ ನಿಲ್ಲಿಸಬೇಕು. ಅದರ ಗ್ಯಾಸ್ ಪೈಪುಗಳನ್ನು ಬಿಚ್ಚಬೇಕಾಗಿಲ್ಲ, ಬಿಚ್ಚಲೂಬಾರದು.

ಫ್ಯಾನ್ ಮತ್ತು ಶ್ರೌಡ್ ತೆಗೆದು ಹಳೆಯ ರೇಡಿಯೇಟರನ್ನು ಮೇಲೆತ್ತಿದ ಮೇಲೆ, ಹಳೆಯದನ್ನೂ ಹೊಸದನ್ನೂ ಹಾಸಿದ ಬಟ್ಟೆಯ ಮೇಲೆ ಅಕ್ಕಪಕ್ಕ ಮಲಗಿಸಿ ಮತ್ತೊಮ್ಮೆ ಹೋಲಿಸುವುದು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಮುಖ್ಯ ಘಟ್ಟ. ಹಳೆಯದಕ್ಕೆ ಅಂಟಿಕೊಂಡಿರುವ ಪ್ರತಿಯೊಂದು ರಬ್ಬರ್ ಬುಷ್, ಕ್ಲಿಪ್, ಸ್ಪಂಜಿನ ಪಟ್ಟಿ ಹೊಸದಕ್ಕೆ ಹೋಗಬೇಕು. ಆ ಸ್ಪಂಜಿನ ಪಟ್ಟಿಗಳನ್ನು ಅಲಂಕಾರವೆಂದು ಎಣಿಸಿ ನಾನೇ ಒಮ್ಮೆ ಕಸದ ಬುಟ್ಟಿಗೆ ಹಾಕಿದ್ದೆ. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಅಂಚಿನಲ್ಲಿ ಸಂದಿ ಸಿಕ್ಕರೆ ಕೋರಿನೊಳಗೆ ನುಗ್ಗುವ ಬದಲು ಪಕ್ಕದಿಂದ ಜಾರಿಕೊಳ್ಳುತ್ತದೆ. ಹೊಸ ರೇಡಿಯೇಟರ್ ಇದ್ದೂ ಆ ಕಾರು ಏಸಿ ಹಾಕಿದಾಗಲೆಲ್ಲ ಬಿಸಿಯಾಗುತ್ತಿತ್ತು, ಕಾರಣ ಹೊಳೆಯಲು ನನಗೆ ಎರಡು ವಾರ ಹಿಡಿಯಿತು.

ಹೊಸದರ ಒಳಗೆ ಉಳಿದಿರಬಹುದಾದ ಬೆಸುಗೆಯ ಪುಡಿ, ಲೋಹದ ಚೂರುಗಳನ್ನು ಡಿಸ್ಟಿಲ್ಡ್ ನೀರಿನಿಂದ ತೊಳೆದು ಚೆಲ್ಲಿ, ಬಳಿಕ ಬೋಲ್ಟ್ ಬಿಗಿಯದೆ ಒಮ್ಮೆ ಕೂರಿಸಿ ನೋಡಬೇಕು. ಕೆಳಗಿನ ಗೂಟಗಳು ರಬ್ಬರ್ ಬುಷ್‌ಗಳಲ್ಲಿ ತಾವಾಗಿ ಇಳಿಯಬೇಕು. ಇಳಿಯದಿದ್ದರೆ ಹೊಡೆದು ಕೂರಿಸುವ, ಚಾಸಿಯನ್ನು ಬಗ್ಗಿಸುವ ಸಾಹಸ ಬೇಡ. ಭಾಗವನ್ನು ಹಿಂತಿರುಗಿಸಿ ಬೇರೆಯದನ್ನು ತರುವುದೇ ಸರಿ. ರೇಡಿಯೇಟರ್ ರಬ್ಬರಿನ ಮೇಲೆ ತೇಲುವಂತಿರಬೇಕು. ಎಲ್ಲ ಬಿಗಿದ ಮೇಲೂ ಕೈಯಿಂದ ಅಲುಗಿಸಿದರೆ ತುಸು ಕೊಡಬೇಕು. ಚಾಸಿಗೆ ಕಟ್ಟುನಿಟ್ಟಾಗಿ ಬಿಗಿದರೆ ರಸ್ತೆಯ ಪ್ರತಿ ಕುಲುಕಾಟವೂ ಟ್ಯಾಂಕಿನ ಬೆಸುಗೆಯ ಮೇಲೆ ಬೀಳುತ್ತದೆ.

ಹೋಸ್ ಹಾಕುವಾಗ ಮೂತಿಯ ಉಬ್ಬಿದ ಅಂಚನ್ನು ದಾಟಿ ಒಳಕ್ಕೆ ತಳ್ಳಿ, ಕ್ಲ್ಯಾಂಪನ್ನು ಆ ಉಬ್ಬಿನ ಹಿಂಬದಿಗೆ ಕೂರಿಸಬೇಕು. ಕಾರಿನ ಜೊತೆಗೆ ಬಂದ ಸ್ಪ್ರಿಂಗ್ ಕ್ಲ್ಯಾಂಪುಗಳನ್ನು ಹಳೆಯ ಕಾಲದ್ದೆಂದು ಎಸೆಯಬೇಡಿ. ರಬ್ಬರ್ ಹಿಗ್ಗಿ ಕುಗ್ಗಿದಂತೆ ಅವು ತಮ್ಮ ಹಿಡಿತವನ್ನು ಉಳಿಸಿಕೊಳ್ಳುತ್ತವೆ, ಸ್ಕ್ರೂ ಕ್ಲ್ಯಾಂಪುಗಳನ್ನು ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕಾಗುತ್ತದೆ. ಗೇರ್ ಆಯಿಲ್ ಪೈಪುಗಳನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಬೇಕು, ಪ್ಲಾಸ್ಟಿಕ್ ಡ್ರೈನ್ ತಿರುಪಿಗೆ ಕೈಬಿಗಿತವೇ ಸಾಕು. ಕೊನೆಗೆ ಶ್ರೌಡ್, ಫ್ಯಾನ್ ಜೋಡಿಸಿ, ಬೆರಳಿನಿಂದ ತಿರುಗಿಸಿದರೆ ರೆಕ್ಕೆ ಎಲ್ಲಿಯೂ ತಾಗದೆ ಸುತ್ತುವುದನ್ನು ಖಚಿತಪಡಿಸಿಕೊಂಡು ಬ್ಯಾಟರಿ ಜೋಡಿಸಬೇಕು.

ಕೂಲಂಟ್ ತುಂಬುವುದು, ಗಾಳಿ ತೆಗೆಯುವುದು

ಕೂಲಂಟಿನ ಬಣ್ಣವನ್ನು ನೋಡಿ ಅದರ ಜಾತಿಯನ್ನು ನಿರ್ಧರಿಸಬಾರದು. ಒಂದೇ ಬಣ್ಣದಲ್ಲಿ ಬೇರೆ ಬೇರೆ ರಾಸಾಯನಿಕಗಳು ಸಿಗುತ್ತವೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದನ್ನೇ ತರಬೇಕು. ಸಾಂದ್ರ ಕೂಲಂಟಾದರೆ ಒಟ್ಟು ಸಾಮರ್ಥ್ಯದ ಅರ್ಧವನ್ನು ಮೊದಲು ಸುರಿದು ಆಮೇಲೆ ಡಿಸ್ಟಿಲ್ಡ್ ನೀರು ಹಾಕುವುದು ಅನುಕೂಲ, ಏಕೆಂದರೆ ತೊಳೆದ ನೀರು ಬ್ಲಾಕಿನಲ್ಲಿ ಇನ್ನೂ ಇರುತ್ತದೆ. ಉದಾಹರಣೆಗೆ, 6 ಲೀಟರ್ ಹಿಡಿಯುವ ವ್ಯವಸ್ಥೆಗೆ 3 ಲೀಟರ್ ಸಾಂದ್ರ ಕೂಲಂಟ್ ಹೋಗಲೇಬೇಕು. ನಲ್ಲಿ ಅಥವಾ ಬಾವಿಯ ಗಡಸು ನೀರಿನ ಸುಣ್ಣ ಕೊಳವೆಗಳ ಒಳಗೋಡೆಗೆ ಕಟ್ಟಿಕೊಳ್ಳುವುದರಿಂದ ಅದನ್ನು ಬಳಸಬಾರದು.

ಹೊಸ ರೇಡಿಯೇಟರಿನ ಮೇಲೆ ಬರುವ ದೂರುಗಳಲ್ಲಿ ದೊಡ್ಡ ಪಾಲು ನಿಜವಾಗಿ ಸಿಕ್ಕಿಬಿದ್ದ ಗಾಳಿಯದ್ದು. ಕಾರಿನ ಮೂತಿಯನ್ನು ತುಸು ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿಯನ್ನು ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಸುರಿಯಬೇಕು. ನಂತರ ಎತ್ತರದ ಆಲಿಕೆಯೊಂದನ್ನು ಬಾಯಿಗೆ ಸಿಕ್ಕಿಸಿ, ಇಂಜಿನ್ನನ್ನು ಐಡಲ್‌ನಲ್ಲಿ ಓಡಿಸುತ್ತ, ಮೇಲಿನ ಹೋಸನ್ನು ಆಗಾಗ ಹಿಸುಕಿದರೆ ಗುಳ್ಳೆಗಳು ಏಳುತ್ತವೆ. ಬಿಸಿಯಾದಂತೆ ಕೂಲಂಟ್ ಉಕ್ಕಬಹುದು, ಆದ್ದರಿಂದ ಮುಖವನ್ನು ದೂರವಿಡಿ. ಥರ್ಮೋಸ್ಟಾಟ್ ತೆರೆದೊಡನೆ ಮಟ್ಟ ತಟ್ಟನೆ ಇಳಿಯುತ್ತದೆ, ಆಗ ಮತ್ತೆ ತುಂಬಿ, ಫ್ಯಾನ್ ಎರಡು ಬಾರಿ ಶುರುವಾಗಿ ನಿಲ್ಲುವವರೆಗೆ ಕಾಯಬೇಕು. ಒಳಗೆ ಹೋದದ್ದು ಬರೆದಿಟ್ಟ ಅಂಕಿಗಿಂತ ಒಂದು ಲೀಟರ್ ಕಡಿಮೆಯಾಗಿದ್ದರೆ, ಗೇಜ್ ಏನೇ ಹೇಳಲಿ, ಎಲ್ಲೋ ಒಂದು ಲೀಟರ್ ಗಾಳಿ ಕೂತಿದೆ.

ಕೂರಿಸಿದ ಮೇಲೆ ಕಾಣುವ ತೊಂದರೆಗಳು

ಇಂಜಿನ್ ಬಿಸಿಯಿದ್ದೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಗಾಳಿಗಂಟು ಉಳಿದಿದೆ. ತಣ್ಣಗಾದ ಮೇಲೆ ಮತ್ತೆ ಬ್ಲೀಡ್ ಮಾಡಬೇಕು. ಇಂಜಿನ್ ಬಿಸಿಯೇ ಏರದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಫ್ಯಾನ್ ಜೋರಾಗಿ ತಿರುಗಿಯೂ ತಂಪಾಗದಿದ್ದರೆ ಅದು ಹಿಂದುಮುಂದಾಗಿ ತಿರುಗುತ್ತಿರಬಹುದು. ಪ್ಲಗ್ ಬದಲಿಸಿ ತಂತಿ ಜೋಡಿಸಿದ ಕಾರುಗಳಲ್ಲಿ ಇದು ಆಗುತ್ತದೆ, ಮುಂಭಾಗದ ಜಾಲರಿಯ ಮುಂದೆ ಕಾಗದದ ಹಾಳೆ ಹಿಡಿದರೆ ಅದು ಒಳಕ್ಕೆ ಅಂಟಬೇಕು. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಮುಚ್ಚಳದ ನಡುವಿನ ಚಿಕ್ಕ ವಾಲ್ವ್ ಬಾಟಲಿಯಿಂದ ಕೂಲಂಟನ್ನು ಹಿಂದಕ್ಕೆ ಬಿಡುತ್ತಿಲ್ಲ. ಕೂಲಂಟ್ ಗುಲಾಬಿ ಬಣ್ಣದ ಹಾಲಿನಂತಾದರೆ ರೇಡಿಯೇಟರಿನೊಳಗಿನ ಗೇರ್ ಆಯಿಲ್ ಕೊಳವೆ ಒಡೆದಿದೆ. ಆ ಸ್ಥಿತಿಯಲ್ಲಿ ಒಂದು ಕಿಲೋಮೀಟರ್ ಓಡಿಸಿದರೂ ಗೇರ್‌ಬಾಕ್ಸ್ ಕೆಡುವ ಅಪಾಯವಿದೆ.

ಅಲ್ಯೂಮಿನಿಯಂ ರೇಡಿಯೇಟರ್ ಕೆಲವೇ ತಿಂಗಳಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಸೋರಿದರೆ ತಯಾರಕರನ್ನು ಬೈಯುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ತಾಗಿಸಿ, ಕೆಂಪು ತಂತಿಯ ತುದಿಯನ್ನು ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ ಅದ್ದಿ, ಇಂಜಿನ್ ಚಾಲೂ ಮಾಡಿ ಲೈಟು, ಫ್ಯಾನ್, ಏಸಿಗಳನ್ನು ಒಂದೊಂದಾಗಿ ಹಾಕುತ್ತ ನೋಡಬೇಕು. 0.1 ವೋಲ್ಟ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 0.3 ವೋಲ್ಟ್ ದಾಟಿದರೆ ಯಾವುದೋ ಅರ್ಥಿಂಗ್ ಸಡಿಲವಾಗಿ ವಿದ್ಯುತ್ತು ಕೂಲಂಟಿನ ಮೂಲಕ ಹರಿದು ಲೋಹವನ್ನು ತಿನ್ನುತ್ತಿದೆ. ಯಾವ ಸ್ವಿಚ್ ಹಾಕಿದಾಗ ಅಂಕಿ ಜಿಗಿಯುತ್ತದೆಯೋ ಆ ಉಪಕರಣದ ಅರ್ಥ್ ತಂತಿಯನ್ನು ಹುಡುಕಿ ಸರಿಪಡಿಸದೆ ಮತ್ತೊಂದು ರೇಡಿಯೇಟರ್ ಹಾಕಿದರೆ ಅದಕ್ಕೂ ಇದೇ ಗತಿ.

ರಸ್ತೆಯಲ್ಲಿ ಓಡುವಾಗ ಮುಳ್ಳು ಏರಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಬೇಕು. ಇಂಜಿನ್ ತಣ್ಣಗಾಗುವ ಮುನ್ನ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು. ಎಲ್ಲ ಸರಿಹೋದಂತೆ ಕಂಡರೂ ಮೊದಲ ಓಟದ ಮರುದಿನ ಬೆಳಿಗ್ಗೆ, ಚಾಲೂ ಮಾಡುವ ಮುನ್ನ, ಬಾನೆಟ್ ಎತ್ತಿ ಕೂಲಂಟಿನ ಮಟ್ಟವನ್ನು ನೋಡಿ. ಸಾಮಾನ್ಯವಾಗಿ ತುಸು ಇಳಿದಿರುತ್ತದೆ, ಅಷ್ಟನ್ನು ತುಂಬಬೇಕು. ಒಂದು ವಾರ ಇದೇ ಹೊತ್ತಿಗೆ ನೋಡಿ ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಮೂರನೆಯ ದಿನದ ನಂತರವೂ ಗೆರೆ ಕೆಳಗಿಳಿಯುತ್ತಿದ್ದರೆ ಪ್ರೆಶರ್ ಟೆಸ್ಟರನ್ನು ಮತ್ತೆ ಹೊರತೆಗೆಯಬೇಕು.